ಆಜ್ಞಾಕ್ರಮವೂ ಕರ್ತೃತ್ವವೂ

ದೊಡ್ಡ ಕಾರ್ಯವನ್ನು ಬಿಡಿಬಿಡಿಯಾಗಿ ಒಡೆದುಕೊಂಡು, ಒಂದು ಮುಗಿದ ಮೇಲೆ ಇನ್ನೊಂದನ್ನು ಕೈಗೆತ್ತಿಕೊಳ್ಳತಕ್ಕವನು ವಿವೇಕಿಯೆಂದೂ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ನಡೆಸಿಬಿಡತಕ್ಕವನು ಸಾಹಸಿಯೆಂದೂ ಲೋಕದಲ್ಲಿ ರೂಢವಾದ ಒಂದು ನಂಬಿಕೆಯುಂಟು. ನಿಧಾನವೇ ಪ್ರಧಾನವೆಂಬ ಮಾತು ಮಕ್ಕಳ ಬಾಯಲ್ಲಿಯೂ ಇದೆ. ಈ ನಂಬಿಕೆ ಬಹುಮಟ್ಟಿಗೆ ನಿಜವೇ ಆದರೂ ಅದರೊಳಗೆ ಪರೀಕ್ಷಿಸದೆ ಬಿಟ್ಟ ಅಂಶವೊಂದು ಉಳಿದುಕೊಂಡಿದೆ. ಹೆಜ್ಜೆಹೆಜ್ಜೆಯಾಗಿ ನಡೆದಮಾತ್ರಕ್ಕೆ ಒಬ್ಬನು ಎಚ್ಚರದಿಂದ ನಡೆದನೆಂದು ಹೇಳಬಹುದೆ? ಪ್ರತಿಯೊಂದು ಹೆಜ್ಜೆಗೂ 'ಆಗಲಿ' ಎಂದವನು ಇಡೀ ಪ್ರಯಾಣಕ್ಕೆ ಒಪ್ಪಿದಂತಾಯಿತೆ? ನಡುದಾರಿಯಲ್ಲಿ ನಿಲ್ಲುವುದು ಯಾವಾಗಲೂ ನಿರಪಾಯವೆ? ಪ್ರಶ್ನೆಗಳು ಹಳೆಯವು. ಆದರೆ ಅವನ್ನು ತಿಕ್ಕಿ ನೋಡಲು ಈ ಕಾಲವು ಒಂದು ಹೊಸ ಒರೆಗಲ್ಲನ್ನು ಒದಗಿಸಿದೆ. ಕಂಪ್ಯೂಟರಿನಲ್ಲಿ ನಡೆಸುವ, ಸ್ಕ್ರಿಪ್ಟ್ ಎಂದು ಕರೆಯಲ್ಪಡುವ ಆಜ್ಞೆಗಳ ಕಡತವೇ ಆ ಒರೆಗಲ್ಲು.

ಸ್ಕ್ರಿಪ್ಟ್ ಎಂಬುದು ಯಂತ್ರಕ್ಕೆ ಕೊಡತಕ್ಕ ಆಜ್ಞೆಗಳನ್ನು ಸಾಲುಸಾಲಾಗಿ ಬರೆದಿಟ್ಟ ಬರಹ. ಒಬ್ಬನು ಅದನ್ನು ಬರೆಯುತ್ತಾನೆ. ಮತ್ತೊಂದು ದಿನ, ಅನೇಕ ವೇಳೆ ಬೇರೊಬ್ಬನು, ಅದನ್ನು ನಡೆಸುತ್ತಾನೆ. ಯಂತ್ರವು ಅದರಂತೆ ಮಾಡುತ್ತದೆ. ಚಿಕ್ಕ ಕಡತದಲ್ಲಿ ಹತ್ತು ಸಾಲುಗಳಿರಬಹುದು. ದಾಖಲೆಗಳ ಭಂಡಾರವನ್ನು, ಅಂದರೆ ಡೇಟಾಬೇಸನ್ನು, ಒಂದು ಯಂತ್ರದಿಂದ ಮತ್ತೊಂದಕ್ಕೆ ಸಾಗಿಸುವಾಗ ಒಂದೊಂದು ದಾಖಲೆಗೂ ಒಂದೊಂದು ಆಜ್ಞೆಯಂತೆ ಸಾಲುಗಳು ಲಕ್ಷಗಟ್ಟಲೆಗೆ ಬೆಳೆಯುವುದೂ ಉಂಟು. ಇದು ಯಂತ್ರಜ್ಞರ ಕೋಣೆಯೊಳಗಿನ ವಿಚಾರವೆಂದು ಗೃಹಸ್ಥರು ಉದಾಸೀನರಾಗಿರುವಂತಿಲ್ಲ. ನಿವೃತ್ತರ ಪಿಂಚಣಿ, ಬ್ಯಾಂಕಿನ ಲೆಕ್ಕ, ವಿದ್ಯಾರ್ಥಿಯ ಅಂಕಪಟ್ಟಿ ಈಗ ಇರುವುದು ಇಂಥ ಭಂಡಾರಗಳಲ್ಲಿಯೇ. ಕರ್ನಾಟಕದ ರೈತನ ಪಹಣಿಯೂ ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯ ಮೂಲಕ ಕೈಬರಹದ ಪುಸ್ತಕವನ್ನು ಬಿಟ್ಟು ಅಲ್ಲಿಗೇ ಹೋಗಿ ಸೇರಿತು. ಯಾರೋ ಎಲ್ಲಿಯೋ ಕುಳಿತು ನಡೆಸುವ ಆಜ್ಞೆಯ ಒಂದು ಸಾಲು ಇನ್ನೊಬ್ಬನ ಅನ್ನದ ಸಾಲಾಗಿರಬಹುದು.

ಬರೆದಿಟ್ಟ ಕ್ರಮವನ್ನು ಯಂತ್ರದಿಂದ ನಡೆಸುವ ಉಪಾಯವು ಕಂಪ್ಯೂಟರಿಗಿಂತ ಹಳೆಯದು. ಫ್ರಾನ್ಸಿನ ಜಕಾರನು 19ನೆಯ ಶತಮಾನದ ಆದಿಯಲ್ಲಿ ರೂಪಿಸಿದ ಮಗ್ಗದಲ್ಲಿ ರಂಧ್ರ ಕೊರೆದ ರಟ್ಟುಗಳ ಮಾಲೆಯು ನೆಯ್ಗೆಯ ಚಿತ್ರವನ್ನು ನಿರ್ಣಯಿಸುತ್ತಿದ್ದಿತು. 1839ರಲ್ಲಿ ಅವನದೇ ಭಾವಚಿತ್ರವನ್ನು ರೇಷ್ಮೆಯಲ್ಲಿ ನೆಯ್ಯಲು ಸುಮಾರು 24,000 ರಟ್ಟುಗಳು ಬೇಕಾದವು. ಗಣಕಯಂತ್ರವನ್ನು ಕಲ್ಪಿಸಿದ ಬ್ಯಾಬೇಜನು ಆ ಚಿತ್ರದ ಒಂದು ಪ್ರತಿಯನ್ನು ಸಂಪಾದಿಸಿ ಇಟ್ಟುಕೊಂಡಿದ್ದನು. ಮಗ್ಗಕ್ಕೆ ಮುಖವೆಂದರೇನೆಂದು ತಿಳಿಯದು. ಎದುರಿಗೆ ಬಂದ ರಟ್ಟಿನಲ್ಲಿ ರಂಧ್ರವಿದೆಯೇ ಇಲ್ಲವೇ ಎಂಬಷ್ಟೇ ಅದಕ್ಕೆ ತಿಳಿಯುವುದು. ಇಂದಿನ ಯಂತ್ರವೂ ಈ ವಿಷಯದಲ್ಲಿ ಮಗ್ಗದ ವಂಶದ್ದೇ. ಆದುದರಿಂದ ಯಂತ್ರವು ಒಂದೊಂದಾಗಿ ಮಾಡುತ್ತದೆಯೇ ಎಂಬುದು ಪ್ರಶ್ನೆಯಲ್ಲ. ಮಾಡಿಸುವವನು ಪೂರ್ಣವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾನೆಯೇ ಎಂಬುದು ಪ್ರಶ್ನೆ.

ಯುನಿಕ್ಸ್ ಮನೆತನದ ಯಂತ್ರಗಳಲ್ಲಿ ಆಜ್ಞೆಗಳನ್ನು ಓದಿ ನಡೆಸುವ ಮಧ್ಯವರ್ತಿಗೆ 'ಶೆಲ್' ಎಂದು ಹೆಸರು. ಇವುಗಳಲ್ಲಿ ಬಹಳ ಬಳಕೆಯಲ್ಲಿರುವ 'ಬ್ಯಾಷ್' 1989ರಲ್ಲಿ ಹೊರಬಂದಿತು. ಒಂದು ಆಜ್ಞೆ ಮುಗಿದೊಡನೆ ಅದು ತನ್ನ ಗತಿಯನ್ನು ಒಂದು ಸಂಖ್ಯೆಯಿಂದ ತಿಳಿಸುತ್ತದೆ: ಸೊನ್ನೆಯಾದರೆ ಕಾರ್ಯ ಸಫಲ, ಬೇರೆ ಯಾವುದಾದರೂ ಆದರೆ ವಿಫಲ. ವಿಫಲವಾದ ಮೇಲೆ ಶೆಲ್ಲು ಏನು ಮಾಡುತ್ತದೆ? ವಿಶೇಷವಾಗಿ ಹೇಳಿರದಿದ್ದರೆ ಏನನ್ನೂ ಮಾಡುವುದಿಲ್ಲ. ಮುಂದಿನ ಸಾಲಿಗೆ ಹೋಗುತ್ತದೆ. ಹಾಲು ಕಾಯಿಸು, ಲೋಟಕ್ಕೆ ಸುರಿ, ಅತಿಥಿಗೆ ಕೊಡು ಎಂದು ಹೇಳಿಸಿಕೊಂಡ ಆಳು, ಹಾಲು ಉಕ್ಕಿ ಒಲೆಯ ಪಾಲಾದ ಮೇಲೂ, ಬರಿಯ ಲೋಟವನ್ನು ಗಂಭೀರವಾಗಿ ಅತಿಥಿಯ ಮುಂದೆ ಹಿಡಿಯುವಂತೆ ಇದು. ತಪ್ಪು ಕಂಡಲ್ಲಿ ನಿಲ್ಲೆಂದು ಮೊದಲೇ ವಿಧಿಸುವ ಉಪಾಯವೂ ಇದೆ. ಆದರೆ ಈ ಬಗೆಯ ಪರಿಚಾರಕರಲ್ಲಿ ಏಕಮತವಿಲ್ಲ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನ ಪರಿಚಾರಕ ತಂತ್ರಾಂಶವು ತಪ್ಪು ಬಂದರೂ ತಾನಾಗಿ ಮುಂದುವರಿಯುತ್ತದೆ. ಮೈ‌ಎಸ್‌ಕ್ಯೂಎಲ್‌ನದು ತಾನಾಗಿ ನಿಲ್ಲುತ್ತದೆ. ಒಂದೇ ದೋಷವು ಒಬ್ಬನ ಕೈಯಲ್ಲಿ ಕಡತವನ್ನು ನಡುವೆಯೇ ನಿಲ್ಲಿಸಿತು, ಇನ್ನೊಬ್ಬನ ಕೈಯಲ್ಲಿ ಕೊನೆಯವರೆಗೂ ಸಾಗಗೊಟ್ಟಿತು. ಯಾರದು ಸರಿ ಎಂಬುದಕ್ಕೆ ಉತ್ತರವು ತಂತ್ರಾಂಶದಲ್ಲಿಲ್ಲ, ಕಾರ್ಯದ ಸ್ವರೂಪದಲ್ಲಿದೆ. ಈ ಮಾತಿಗೆ ಮುಂದೆ ಹಿಂದಿರುಗಬೇಕಾಗುವುದು.

ನಿಲ್ಲದೆ ಸಾಗಿದ್ದರಿಂದ ಆದ ಅನರ್ಥಕ್ಕೆ 2015ರ ಜನವರಿಯಲ್ಲಿ ಬೆಳಕಿಗೆ ಬಂದ ಒಂದು ಪ್ರಸಂಗವು ಪ್ರಸಿದ್ಧವಾಗಿದೆ. ವಾಲ್ವ್ ಎಂಬ ಸಂಸ್ಥೆಯು ಆಟಗಳನ್ನು ಒದಗಿಸುವ ಸ್ಟೀಮ್ ಎಂಬ ತಂತ್ರಾಂಶದ ಜೊತೆಗೆ ಲಿನಕ್ಸ್ ಯಂತ್ರಗಳಿಗಾಗಿ ಒಂದು ಸ್ಕ್ರಿಪ್ಟನ್ನು ಕೊಟ್ಟಿದ್ದಿತು. ತಾನಿರುವ ಕೋಶದ ಹೆಸರನ್ನು ಕಂಡುಕೊಳ್ಳುವುದು ಅದರಲ್ಲಿ ಒಂದು ಸಾಲು. ಸಂದರ್ಭ ಬಂದಾಗ ಆ ಹೆಸರಿನ ಕೋಶದಲ್ಲಿರುವುದನ್ನೆಲ್ಲ ಅಳಿಸುವುದು ಇನ್ನೊಂದು ಸಾಲು. ಒಬ್ಬ ಬಳಕೆದಾರನು ಕೋಶವನ್ನು ಬೇರೆಡೆಗೆ ಸಾಗಿಸಿದ್ದನು. ಮೊದಲನೆಯ ಸಾಲು ಸೋತಿತು. ಹೆಸರಿನ ಸ್ಥಳ ಬರಿದಾಗಿ ಉಳಿಯಿತು. ಎರಡನೆಯ ಸಾಲಾದರೋ ಸೋಲನ್ನು ವಿಚಾರಿಸದೆ, ಬರಿದಾದ ಹೆಸರಿನ ಮುಂದೆ ಉಳಿದ ಒಂದು ಓರೆಗೆರೆಯನ್ನೇ ವಿಳಾಸವೆಂದು ಹಿಡಿಯಿತು. ಆ ಮನೆತನದ ಯಂತ್ರಗಳಲ್ಲಿ ಒಂಟಿ ಓರೆಗೆರೆಯೆಂದರೆ ಸಮಸ್ತದ ಮೂಲ. ಆ ಬಳಕೆದಾರನಿಗೆ ಅಳಿಸುವ ಅಧಿಕಾರವಿದ್ದ ಕಡತಗಳೆಲ್ಲವೂ, ಯಂತ್ರಕ್ಕೆ ಜೋಡಿಸಿದ್ದ ಬ್ಯಾಕಪ್ ಡಿಸ್ಕಿನಲ್ಲಿದ್ದವೂ ಕೂಡಿ, ಹೋದವು.

ಈ ಪ್ರಸಂಗದಲ್ಲಿ ನೀತಿವಿಚಾರಕ್ಕೆ ಸಲ್ಲತಕ್ಕ ಒಂದು ಸಣ್ಣ ಸಂಗತಿಯಿದೆ. ಅಳಿಸುವ ಸಾಲಿನ ಮೇಲ್ಗಡೆ, ಬರೆದವನು, ಇದು ಭಯಂಕರವೆಂಬ ಅರ್ಥ ಬರುವಂತೆ ಇಂಗ್ಲಿಷಿನಲ್ಲಿ ಒಂದೇ ಪದದ ಟಿಪ್ಪಣಿಯನ್ನು ಬರೆದಿಟ್ಟಿದ್ದನು. ಅಪಾಯವು ಅವನಿಗೆ ಕಾಣದೆ ಇರಲಿಲ್ಲವೆಂದಾಯಿತು. ಆದರೆ ಟಿಪ್ಪಣಿಯ ಸಾಲನ್ನು ಯಂತ್ರವು ಓದುವುದಿಲ್ಲ, ದಾಟಿಕೊಂಡು ಹೋಗುತ್ತದೆ. ಮನುಷ್ಯನಿಗಾಗಿ ಬರೆದ ಎಚ್ಚರಿಕೆಯನ್ನು ಯಂತ್ರವೊಂದೇ ಹಾದುಹೋಗುವ ದಾರಿಯಲ್ಲಿ ನೆಟ್ಟಂತಾಯಿತು. ತಿಳಿದಿದ್ದೇನೆಂದು ಬರೆದಿಟ್ಟಮಾತ್ರಕ್ಕೆ ತಿಳಿವಳಿಕೆಯ ಋಣ ತೀರುವುದಿಲ್ಲ. ಕಚೇರಿಯ ಕಡತಗಳ ಅಂಚಿನಲ್ಲಿ 'ಪರಿಶೀಲಿಸುವುದು' ಎಂದು ಗೀಚಿ ಮುಂದಕ್ಕೆ ದಾಟಿಸುವ ಪದ್ಧತಿಯನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

ಇಂಥ ಅನರ್ಥಗಳನ್ನು ಕಂಡವರು ಕಡತವನ್ನು ಯಂತ್ರದ ಓಟಕ್ಕೆ ಬಿಡದೆ, ಮನುಷ್ಯನು ಕುಳಿತು ಒಂದೊಂದು ಆಜ್ಞೆಯನ್ನೂ ನೋಡಿ ನಡೆಸಬೇಕೆನ್ನುತ್ತಾರೆ. ಅದಕ್ಕೆ ಸಾಧನವೂ ಇದೆ. ಮೇಲೆ ಹೇಳಿದ ಪೋಸ್ಟ್‌ಗ್ರೆಸ್ಸಿನ ಪರಿಚಾರಕನಿಗೆ ಒಂದು ಮಾತು ಹೇಳಿದರೆ, ಪ್ರತಿಯೊಂದು ಆಜ್ಞೆಯನ್ನೂ ಪರದೆಯ ಮೇಲೆ ತೋರಿಸಿ, ನಡೆಸಲೋ ಬಿಡಲೋ ಎಂದು ಕೇಳಿ, ಒಪ್ಪಿಗೆ ಬಂದ ಮೇಲೆಯೇ ಮುಂದುವರಿಯುತ್ತದೆ. ಹೊರನೋಟಕ್ಕೆ ಇದಕ್ಕಿಂತ ಧರ್ಮ್ಯವಾದ ಏರ್ಪಾಡು ಬೇರೊಂದಿಲ್ಲ. ಮಾಡುವವನು, ಮಾಡಿಸುವವನು, ಪ್ರೇರಿಸುವವನು, ಅನುಮೋದಿಸುವವನು ಈ ನಾಲ್ವರೂ ಪುಣ್ಯಪಾಪಗಳಲ್ಲಿ ಸಮಭಾಗಿಗಳೆಂದು ಹಿಂದಿನವರು ಹೇಳಿದ್ದಾರೆ. ಇಲ್ಲಿ ಮಾಡುವುದು ಯಂತ್ರ, ಅದಕ್ಕೆ ಪಾಪಲೇಪವಿಲ್ಲ. ಪ್ರೇರಕನು ಕಡತವನ್ನು ಬರೆದವನು. ಗುಂಡಿಯೊತ್ತುತ್ತ ಕುಳಿತವನು ಮಾಡಿಸುವವನೂ ಹೌದು, ಅನುಮೋದಿಸುವವನೂ ಹೌದು. ಆಜ್ಞೆಗೊಂದರಂತೆ ಅನುಮೋದನೆ ಪಡೆದಮೇಲೆ ಕರ್ತೃತ್ವವು ಪೂರ್ಣವಾಗಿ ಮನುಷ್ಯನಲ್ಲಿಯೇ ನಿಂತಿತೆಂದು ತೋರುತ್ತದೆ.

ತೋರುವುದೇನೋ ಹಾಗೆ. ಆದರೆ ಕುಳಿತವನ ಸ್ಥಿತಿಯನ್ನು ಭಾವಿಸಿ ನೋಡಬೇಕು. ಮೊದಲ ಹತ್ತು ಆಜ್ಞೆಗಳನ್ನು ಅವನು ಓದುತ್ತಾನೆ. ಐವತ್ತನೆಯದನ್ನು ನೋಡುತ್ತಾನೆ. ಮುನ್ನೂರನೆಯದರ ಹೊತ್ತಿಗೆ ಕಣ್ಣು ಪರದೆಯ ಮೇಲಿದ್ದರೂ ಒಪ್ಪಿಗೆ ಕೊಡುತ್ತಿರುವುದು ಹೆಬ್ಬೆರಳು. ಜಪಮಾಲೆಯ ಮಣಿ ಸರಿಯುತ್ತಿದ್ದು ಮನಸ್ಸು ಪೇಟೆಯ ಧಾರಣೆಯನ್ನು ಎಣಿಸುತ್ತಿರುವುದೇನೂ ಅಪೂರ್ವವಲ್ಲವಷ್ಟೆ. ಹಾಗಾದರೆ ಮುನ್ನೂರೊಂದನೆಯ ಒಪ್ಪಿಗೆಯು ಒಪ್ಪಿಗೆಯೆ? ಅಲ್ಲವೆಂದರೆ ಹೊಣೆಯಿಂದ ಅವನಿಗೆ ಬಿಡುಗಡೆಯಾಗುವುದು. ಹೌದೆಂದರೆ ಮನುಷ್ಯನ ಅವಧಾನಕ್ಕೆ ಮೀರಿದ ಭಾರವನ್ನು ಅವನ ಮೇಲೆ ಹೇರಿದಂತಾಗುವುದು. ಎರಡನೆಯದು ಹೆಚ್ಚಿನ ಅನ್ಯಾಯ. ಅನೇಕ ಏರ್ಪಾಡುಗಳಲ್ಲಿ ಈ ಬಗೆಯ ಒಪ್ಪಿಗೆಯನ್ನು ಪಡೆಯುವುದು ಎಚ್ಚರವನ್ನು ಹುಟ್ಟಿಸುವುದಕ್ಕಲ್ಲ, ಮುಂದೆ ಅಪವಾದ ಬಂದಾಗ ತೋರಿಸಲು ಒಬ್ಬನ ಹೆಸರು ಇರಲೆಂದೇ. ಬಿಡಿಬಿಡಿಯಾಗಿ ಒಡೆದ ಕಾರ್ಯದಲ್ಲಿ ಹೊಣೆಯೂ ಒಡೆದುಹೋಗುತ್ತದೆ. ಒಡೆದ ಚೂರುಗಳನ್ನು ಒಬ್ಬನ ಕೈಗೆ ಒಂದೊಂದಾಗಿ ಇಟ್ಟರೆ ಅವನಲ್ಲಿ ಪೂರ್ಣಕುಂಭವಾಗುವುದಿಲ್ಲ.

ಒಂದೊಂದಾಗಿ, ಕೈಯಾರೆ ನಡೆಸಿದಲ್ಲಿಯೂ ಅನರ್ಥವಾದುದಕ್ಕೆ 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ನಡೆದುದೇ ಸಾಕ್ಷಿ. ಅದರ ವಿವರಗಳನ್ನು ಆ ಸಂಸ್ಥೆಯೇ ಮುಚ್ಚುಮರೆಯಿಲ್ಲದೆ ಪ್ರಕಟಿಸಿತು. ಎರಡು ಡೇಟಾಬೇಸ್ ಯಂತ್ರಗಳು: ಒಂದು ಮುಖ್ಯ, ಇನ್ನೊಂದು ಅದರ ಪ್ರತಿಬಿಂಬ. ಪ್ರತಿಬಿಂಬವು ಹಿಂದೆ ಬಿದ್ದಿದ್ದಿತು. ರಾತ್ರಿಯವರೆಗೆ ದುಡಿಯುತ್ತಿದ್ದ ಒಬ್ಬ ಎಂಜಿನಿಯರನು ಅದನ್ನು ಸರಿಪಡಿಸಲು ಒಂದೊಂದೇ ಆಜ್ಞೆಯನ್ನು ಕೊಟ್ಟು ನೋಡುತ್ತ, ಪ್ರತಿಬಿಂಬದಲ್ಲಿರುವ ಹಳೆಯ ಕೋಶವನ್ನು ಅಳಿಸಿದರೆ ಕಾರ್ಯ ಮುಂದುವರಿಯಬಹುದೆಂದು ಭಾವಿಸಿ, ಅಳಿಸುವ ಆಜ್ಞೆಯನ್ನು ಕೊಟ್ಟನು. ಒಂದೆರಡು ಸೆಕೆಂಡುಗಳಲ್ಲಿಯೇ ತಾನು ನಿಂತಿರುವುದು ಮುಖ್ಯ ಯಂತ್ರದಲ್ಲಿ ಎಂಬುದು ಅವನಿಗೆ ಹೊಳೆಯಿತು, ತಡೆದನು. ಸುಮಾರು 300 ಗಿಗಾಬೈಟುಗಳಲ್ಲಿ ಆಗ ಉಳಿದಿದ್ದುದು 4.5ರಷ್ಟು ಮಾತ್ರ. ಅಲ್ಲಿದ್ದುದು ಧಾವಿಸುವ ಕಡತವಲ್ಲ; ಒಂದೇ ಆಜ್ಞೆ, ಒಬ್ಬನೇ ಮನುಷ್ಯ, ಅವನ ಪೂರ್ಣ ಒಪ್ಪಿಗೆ. ಅವನು ಒಪ್ಪಿದ್ದು ಆಜ್ಞೆಗೆ, ತಪ್ಪಿದ್ದು ಸ್ಥಳ.

ಪೂಜೆಗೆ ಕುಳಿತವನು ಮೊದಲು ಸಂಕಲ್ಪ ಮಾಡುತ್ತಾನೆ. ಯಾವ ದೇಶ, ಯಾವ ಕಾಲ, ಮಾಡುವವನು ಯಾರು, ಯಾವ ಫಲಕ್ಕಾಗಿ ಎಂಬುದನ್ನು ಬಾಯಿಬಿಟ್ಟು ಹೇಳಿದ ಮೇಲೆಯೇ ಮೊದಲನೆಯ ಉಪಚಾರ. ತಾನು ಕುಳಿತಿರುವ ನದೀತೀರವನ್ನು ಪ್ರತಿದಿನವೂ ಹೆಸರಿಸುವುದೇಕೆಂದು ನಗುವವರು ಉಂಟು. ಗಿಟ್‌ಲ್ಯಾಬ್ ಸಂಸ್ಥೆಯವರು ಆ ಅನರ್ಥದ ತರುವಾಯ ಕೈಗೊಳ್ಳಬೇಕೆಂದು ಪಟ್ಟಿಮಾಡಿದ ಸುಧಾರಣೆಗಳಲ್ಲಿ ಒಂದನ್ನು ನೋಡಿದರೆ ಆ ನಗು ಸ್ವಲ್ಪ ಇಳಿಯಬಹುದು. ಆಜ್ಞೆಯನ್ನು ಬರೆಯುವ ಸಾಲಿನ ಆದಿಯಲ್ಲಿಯೇ ಯಾವ ಯಂತ್ರ, ಯಾವ ಪರಿಸರ ಎಂಬುದು ಸ್ಪಷ್ಟವಾಗಿ ಎದ್ದುಕಾಣುವಂತೆ ಮಾಡುವುದೇ ಅದು.

ಆ ಪ್ರಸಂಗದ ಇನ್ನೊಂದು ಭಾಗವು ಇದಕ್ಕಿಂತ ನೋವಿನದು. ದಿನವೂ ನಡೆಯಬೇಕಾಗಿದ್ದ ಬ್ಯಾಕಪ್ಪು, ತಂತ್ರಾಂಶದ ಆವೃತ್ತಿಗಳ ಹೊಂದಾಣಿಕೆಯಿಲ್ಲದೆ ವಿಫಲವಾಗುತ್ತ ಬಂದಿದ್ದಿತು. ವೈಫಲ್ಯವನ್ನು ತಿಳಿಸುವ ಮಿಂಚಂಚೆಗಳನ್ನು ಅಂಚೆಯ ವ್ಯವಸ್ಥೆಯೇ ತಿರಸ್ಕರಿಸುತ್ತಿದ್ದಿತು. ಯಂತ್ರವು ಸೋತೆನೆಂದು ಹೇಳುತ್ತಲೇ ಇದ್ದಿತು, ಕೇಳುವ ಕಿವಿಗೆ ತಲುಪಲಿಲ್ಲ. ಕೊನೆಗೆ ಒದಗಿದುದು ಅದೇ ಎಂಜಿನಿಯರನು ಸುಮಾರು ಆರು ಗಂಟೆಗಳ ಹಿಂದೆ ಬೇರೊಂದು ಉದ್ದೇಶದಿಂದ ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ. ನಡುವಣ ಆರು ಗಂಟೆಗಳ ದಾಖಲೆಗಳು, ಸುಮಾರು 5,000 ಯೋಜನೆಗಳಿಗೆ ಸಂಬಂಧಿಸಿದವೂ 700 ಹೊಸ ಸದಸ್ಯರ ಖಾತೆಗಳೂ ಸೇರಿ, ಮರಳಲಿಲ್ಲ. ಸಂಸ್ಥೆಯು ಆ ಮನುಷ್ಯನನ್ನು ಬಲಿಗೊಡದೆ ಏರ್ಪಾಡಿನ ದೋಷವನ್ನು ಒಪ್ಪಿಕೊಂಡದ್ದು ಪ್ರಶಂಸೆಗೆ ಅರ್ಹ. ಕೈ ಯಾರದೆಂದು ಕೇಳುವುದು ಸುಲಭ. ಆ ಕೈಗೆ ಅಂಥ ರಾತ್ರಿಯಲ್ಲಿ ಅಂಥ ಆಜ್ಞೆಯನ್ನು ಒಬ್ಬಂಟಿಯಾಗಿ ಕೊಡುವ ಸಂದರ್ಭವನ್ನು ಒದಗಿಸಿದವರು ಯಾರೆಂದು ಕೇಳುವುದು ಕಷ್ಟ.

ಹೀಗಿರಲು, ಓಡಿಸುವುದೂ ಕ್ಷೇಮವಲ್ಲ, ಒಂದೊಂದಾಗಿ ನಡೆಸುವುದೂ ಕ್ಷೇಮವಲ್ಲ ಎಂದಾಯಿತು. ವೇಗದ ವಿಚಾರದಲ್ಲಿಯೇ ಸುತ್ತುವುದು ತಪ್ಪೆಂದು ಇದರಿಂದ ಸೂಚಿತವಾಗುತ್ತದೆ. ಕೇಳಬೇಕಾದುದು ಬೇರೆ: ಯಾವ ಯಾವ ಆಜ್ಞೆಗಳು ಕೂಡಿ ಒಂದು ಕಾರ್ಯ? ಎಲ್ಲಿ ನಿಂತರೆ ನಿಂತಂತೆ, ಎಲ್ಲಿ ನಿಂತರೆ ಬಿದ್ದಂತೆ?

ಅಣ್ಣನ ಖಾತೆಯಿಂದ ನೂರು ರೂಪಾಯಿ ಕಳೆದು ತಮ್ಮನ ಖಾತೆಗೆ ಕೂಡಿಸಬೇಕಾಗಿದೆ. ಆಜ್ಞೆಗಳು ಎರಡು, ಕಾರ್ಯ ಒಂದು. ಮೊದಲನೆಯದಾದ ಮೇಲೆ ವಿದ್ಯುತ್ತು ಹೋದರೆ ನೂರು ರೂಪಾಯಿ ಇಬ್ಬರದೂ ಅಲ್ಲದೆ ಅಂತರದಲ್ಲಿ ಕರಗಿತು. ಇಲ್ಲಿ ಅರ್ಧ ಮಾಡಿದವನು ಏನನ್ನೂ ಮಾಡದವನಿಗಿಂತ ಕೆಟ್ಟದ್ದನ್ನು ಮಾಡಿದ್ದಾನೆ. ಆದಕಾರಣ ಇಂಥ ಆಜ್ಞೆಗಳನ್ನು ಒಂದು ಕಟ್ಟಾಗಿ ಕಟ್ಟಿ, ಎಲ್ಲವೂ ನಡೆದರೆ ಸ್ಥಿರಗೊಳಿಸುವುದು, ಒಂದು ತಪ್ಪಿದರೂ ಎಲ್ಲವನ್ನೂ ಮೊದಲಿನಂತೆ ಹಿಂದಿರುಗಿಸುವುದು ಎಂಬ ವಿಧಾನವನ್ನು ವಿದ್ವಾಂಸರು ಬೆಳೆಸಿದರು. ಇದಕ್ಕೆ ಟ್ರಾನ್ಸಾಕ್ಷನ್ ಎಂದು ಹೆಸರು. ಜಿಮ್ ಗ್ರೇ ಎಂಬ ಅಮೆರಿಕದ ವಿದ್ವಾಂಸನು 1981ರಲ್ಲಿ ಇದರ ಗುಣಗಳನ್ನೂ ಮಿತಿಗಳನ್ನೂ ಕುರಿತು ಬರೆದ ಲೇಖನವು ಈ ಶಾಸ್ತ್ರದಲ್ಲಿ ಪ್ರಮಾಣಗ್ರಂಥದಂತಿದೆ. 1998ರ ಟ್ಯೂರಿಂಗ್ ಪ್ರಶಸ್ತಿಯು ಅವನಿಗೆ ಸಂದಿತು. ಈ ಕಲ್ಪನೆಯು ಒಡಂಬಡಿಕೆಯ ಕಾನೂನಿನಿಂದ ಬಂದದ್ದೆಂದು ತಿಳಿಸಿ, ಅದಕ್ಕೆ ಅವನು ಕೊಟ್ಟ ಉದಾಹರಣೆ ಕ್ರೈಸ್ತ ವಿವಾಹ: ಪಾದ್ರಿಯು ವಧೂವರರಿಬ್ಬರನ್ನೂ ಕೇಳಿ, ಇಬ್ಬರೂ ಒಪ್ಪಿದ ಮೇಲೆಯೇ ದಂಪತಿಗಳೆಂದು ಸಾರುತ್ತಾನೆ, ಒಬ್ಬರ ಒಪ್ಪಿಗೆಯಿಂದ ಅರ್ಧ ವಿವಾಹವಾಗುವುದಿಲ್ಲ.

ಈ ದೇಶದ ವಾಚಕರಿಗೆ ಇದಕ್ಕಿಂತ ಹತ್ತಿರದ ದೃಷ್ಟಾಂತವು ಸಪ್ತಪದಿಯಲ್ಲಿದೆ. 1955ರ ಹಿಂದೂ ವಿವಾಹ ಕಾನೂನಿನ 7ನೆಯ ವಿಧಿಯ ಪ್ರಕಾರ, ಸಪ್ತಪದಿಯು ವಿಧಿಗಳಲ್ಲಿ ಸೇರಿರುವ ವಿವಾಹವು ಪೂರ್ಣವಾಗಿ ಬದ್ಧವಾಗುವುದು ಏಳನೆಯ ಹೆಜ್ಜೆಯನ್ನು ಇಟ್ಟಾಗ. ಹೆಜ್ಜೆಗಳನ್ನು ಒಂದೊಂದಾಗಿಯೇ ಇಡಬೇಕು, ಅವಸರವಿಲ್ಲ, ಪ್ರತಿಯೊಂದಕ್ಕೂ ಮಂತ್ರವಿದೆ. ಆದರೆ ಆರು ಹೆಜ್ಜೆ ನಡೆದವರು ಏಳರಲ್ಲಿ ಆರು ಪಾಲು ವಿವಾಹಿತರಲ್ಲ. ಒಂದೊಂದಾಗಿ ನಡೆಯುವುದಕ್ಕೂ ಒಟ್ಟಾಗಿ ಸಿದ್ಧಿಸುವುದಕ್ಕೂ ವಿರೋಧವಿಲ್ಲವೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ.

ಹಾಗೆಂದು ಎಲ್ಲ ಕಾರ್ಯಗಳೂ ಈ ಜಾತಿಯವಲ್ಲ. ಮೀಮಾಂಸಕರು ಈ ಭೇದವನ್ನು ಬಹಳ ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಬರುವ ಚರ್ಚೆಯ ಸಾರವಿಷ್ಟು: ನಿತ್ಯಕರ್ಮದಲ್ಲಿ ಪ್ರಧಾನವು ನಡೆದು, ಅಂಗಗಳು ಶಕ್ತಿ ಇದ್ದಷ್ಟು ನಡೆದರೂ ಕರ್ಮವು ಸಲ್ಲುತ್ತದೆ; ಒಂದು ಅಂಗ ಕೈಲಾಗಲಿಲ್ಲವೆಂದು ಸಂಧ್ಯೆಯನ್ನೇ ಬಿಡತಕ್ಕದ್ದಲ್ಲ. ಕಾಮ್ಯಕರ್ಮದಲ್ಲಾದರೋ ಸಮಸ್ತ ಅಂಗಗಳೂ ಕೂಡಿಬಂದರೆ ಮಾತ್ರ ಫಲ. ಪೂರ್ತಿ ಮಾಡುವ ಶಕ್ತಿಯಿಲ್ಲದವನು ಅದಕ್ಕೆ ಕೈಹಾಕಬಾರದು. ಕೈಹಾಕಿದ ಮೇಲೆ ನಡುವೆ ಬಿಡಕೂಡದು. ಯಂತ್ರದ ಕಡತಗಳಿಗೆ ಇದನ್ನು ಅನ್ವಯಿಸಿದರೆ, ಹಿಂದೆ ಬಿಟ್ಟುಬಂದ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ನೂರು ಯಂತ್ರಗಳ ಹಳೆಯ ತಾತ್ಕಾಲಿಕ ಕಡತಗಳನ್ನು ಗುಡಿಸುವ ಸ್ಕ್ರಿಪ್ಟು ನಿತ್ಯಕರ್ಮದ ಜಾತಿಯದು: ನಲವತ್ತನೆಯ ಯಂತ್ರವು ಬಾಗಿಲು ತೆರೆಯದಿದ್ದರೆ ಅದನ್ನು ಗುರುತಿಟ್ಟುಕೊಂಡು ಮುಂದೆ ಹೋಗುವುದೇ ಸರಿ; ನಿಂತರೆ ಉಳಿದ ಅರುವತ್ತು ಮನೆಗಳಲ್ಲಿ ಕಸ ಉಳಿಯುವುದು. ಖಾತೆಗಳನ್ನು ಹೊಸ ಪದ್ಧತಿಗೆ ಬದಲಾಯಿಸುವ ಸ್ಕ್ರಿಪ್ಟು ಕಾಮ್ಯದ ಜಾತಿಯದು: ಪೂರ್ಣವಾಗುವಂತಿದ್ದರೆ ಮಾತ್ರ ಆರಂಭ. ಎರಡೂ ನೋಡಲು ಸಾಲುಸಾಲಾದ ಆಜ್ಞೆಗಳೇ. ಭೇದವು ಸಾಲುಗಳಲ್ಲಿ ಬರೆದಿಲ್ಲ, ಬರೆದವನ ಉದ್ದೇಶದಲ್ಲಿದೆ. ಉದ್ದೇಶವನ್ನು ತಿಳಿಯದೆ ಆಜ್ಞೆಯನ್ನು ಮಾತ್ರ ಪರೀಕ್ಷಿಸುವವನು ಎಷ್ಟು ನಿಧಾನವಾಗಿ ನಡೆದರೂ ಕುರುಡನೇ.

ಇಲ್ಲಿ ಒಂದು ಆಕ್ಷೇಪವು ಹುಟ್ಟುವುದು ಸಹಜ: ಹಿಂದಿರುಗಿಸುವ ಶಕ್ತಿಯು ಯಂತ್ರಕ್ಕಿರುವಾಗ ಲಕ್ಷ ಸಾಲುಗಳ ಕಡತವನ್ನೂ ಒಂದೇ ಕಟ್ಟಾಗಿ ಕಟ್ಟಿಬಿಟ್ಟರಾಯಿತಲ್ಲ? ಕೆಲವೆಡೆ ಅದೇ ಉತ್ತಮ, ಲಾಭಕರವೂ ಹೌದು. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸನ್ನು ಕಟ್ಟಿದವರು ತಿಳಿಸಿರುವಂತೆ, ಅದು ಸಾಮಾನ್ಯ ಯಂತ್ರದಲ್ಲಿ ಸೆಕೆಂಡಿಗೆ 50,000 ದಾಖಲೆಗಳನ್ನು ಸುಲಭವಾಗಿ ಸೇರಿಸಬಲ್ಲದು. ಆದರೆ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಸ್ಥಿರಗೊಳಿಸಬೇಕೆಂದರೆ, ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕಿನಲ್ಲಿ, ಸೆಕೆಂಡಿಗೆ 60ರಷ್ಟು ಮಾತ್ರ ಸಾಧ್ಯ. ಹತ್ತು ಲಕ್ಷ ದಾಖಲೆಗಳು ಒಂದು ಬಗೆಯಲ್ಲಿ 20 ಸೆಕೆಂಡು, ಇನ್ನೊಂದು ಬಗೆಯಲ್ಲಿ ನಾಲ್ಕೂವರೆ ಗಂಟೆಗೂ ಹೆಚ್ಚು. ಒಂದೊಂದನ್ನೂ ಮುಗಿಸಿ ಮುದ್ರೆಯೊತ್ತುವ ವ್ರತಕ್ಕೆ ಬೆಲೆಯಿದೆಯೆಂದು ಇದರಿಂದ ಸ್ಪಷ್ಟ.

ಆದರೆ ಕಟ್ಟು ದೊಡ್ಡದಾದಂತೆ ಬೇರೆ ತೊಡಕುಗಳು ಬರುವುವು. ಕಟ್ಟು ಬಿಚ್ಚುವವರೆಗೆ ಅದು ಮುಟ್ಟಿದ ದಾಖಲೆಗಳಿಗಾಗಿ ಇತರರು ಕಾಯಬೇಕಾಗಬಹುದು. ಕೋಷ್ಟಕಗಳ ರಚನೆಯನ್ನೇ ಬದಲಾಯಿಸುವ ಆಜ್ಞೆ ಬಂದಾಗ ಮೈ‌ಎಸ್‌ಕ್ಯೂಎಲ್, ಅದುವರೆಗೆ ಕಟ್ಟಿದ್ದನ್ನೆಲ್ಲ ಕೇಳದೆಯೇ ಸ್ಥಿರಗೊಳಿಸಿಬಿಡುತ್ತದೆ. ಹಿಂದಿರುಗಬಹುದೆಂದು ನಂಬಿದ್ದವನಿಗೆ ಹಿಂದಿನ ಸೇತುವೆ ಇಲ್ಲ. ಪೋಸ್ಟ್‌ಗ್ರೆಸ್ಸಿನಲ್ಲಿ ಅಂಥ ಆಜ್ಞೆಗಳಲ್ಲಿ ಹೆಚ್ಚಿನವನ್ನು ಹಿಂತೆಗೆದುಕೊಳ್ಳಬಹುದು. ಎಲ್ಲಕ್ಕಿಂತ ಹೆಚ್ಚಿನದೆಂದರೆ, ಯಂತ್ರದ ಹೊರಗೆ ದಾಟಿಹೋದ ಕಾರ್ಯವನ್ನು ಯಾವ ಯಂತ್ರವೂ ಹಿಂದಕ್ಕೆ ತರಲಾರದು. ಕಳಿಸಿದ ಪತ್ರವನ್ನು ಓದಿದವನು ಓದಿಯಾಯಿತು.

1987ರಲ್ಲಿ ಗಾರ್ಸಿಯಾ-ಮೊಲಿನಾ ಮತ್ತು ಸೇಲಮ್ ಎಂಬ ವಿದ್ವಾಂಸರು ಇದಕ್ಕೆ ಬೇರೊಂದು ಮಾರ್ಗವನ್ನು ಸೂಚಿಸಿದರು. ದೀರ್ಘವಾದ ಕಾರ್ಯವನ್ನು ತಾವೇ ಪೂರ್ಣವಾದ ಚಿಕ್ಕ ಕಾರ್ಯಗಳ ಸರಣಿಯಾಗಿ ವಿಭಾಗಿಸಿ, ಒಂದೊಂದಕ್ಕೂ ಅದರ ಪರಿಹಾರಕಾರ್ಯವನ್ನು ಮೊದಲೇ ಬರೆದಿಡುವುದು. ನಡುವೆ ಸೋತರೆ, ಮುಗಿದವುಗಳ ಪರಿಹಾರಗಳನ್ನು ಹಿಮ್ಮುಖವಾಗಿ ನಡೆಸಿಕೊಂಡು ಬರುವುದು. ಇದರ ನೈತಿಕ ಸ್ವರೂಪವು ಗಮನಾರ್ಹವಾಗಿದೆ. ಹಿಂದಿರುಗಿಸಿದ ಕಾರ್ಯವು ಆಗಲೇ ಇಲ್ಲವೆಂಬಂತಿರುತ್ತದೆ, ಅದರ ಅರ್ಧಾವಸ್ಥೆಯನ್ನು ಯಾರೂ ಕಾಣಬೇಕಾಗಿಲ್ಲ. ಪರಿಹರಿಸಿದ ಕಾರ್ಯವು ಆಗಿದೆ, ಅದರ ಮೇಲೆ ಪರಿಹಾರವೂ ಆಗಿದೆ. ಟಿಕೀಟನ್ನು ಕಾದಿರಿಸಿ ರದ್ದುಗೊಳಿಸಿದ ನಡುವಣ ಅವಧಿಯಲ್ಲಿ ಸ್ಥಳ ಸಿಕ್ಕದೆ ಹಿಂದಿರುಗಿದ ಮತ್ತೊಬ್ಬ ಪ್ರಯಾಣಿಕನು ಯಾವ ಲೆಕ್ಕದಲ್ಲಿಯೂ ಬರುವುದಿಲ್ಲ. ಯಜ್ಞದ ನಡುವೆ ಆದ ಲೋಪಗಳಿಗೆ ಪ್ರಾಯಶ್ಚಿತ್ತಗಳನ್ನು ಮೊದಲೇ ವಿಧಿಸಿಟ್ಟ ಶಾಸ್ತ್ರಕಾರರು, ಪ್ರಾಯಶ್ಚಿತ್ತವು ಲೋಪವನ್ನು ಆಗದಂತೆ ಮಾಡುತ್ತದೆಂದು ಭ್ರಮಿಸಿದವರಲ್ಲ. ಲೋಪವಾದ ಮೇಲೂ ಕರ್ಮವನ್ನು ಮುಗಿಸುವ ದಾರಿಯನ್ನು ತೋರಿಸಿದರು. ಮನುಷ್ಯಜೀವನದಲ್ಲಿ ನಿಜವಾಗಿ ದೊರೆಯುವುದು ಈ ಎರಡನೆಯದೇ. ಮೊದಲನೆಯದು ಯಂತ್ರದೊಳಗಿನ ಭಾಗ್ಯ.

ಹೊಣೆಯನ್ನು ಯಾರ ಮೇಲೆ ಇಡಬೇಕೆಂಬ ವಿಚಾರದಲ್ಲಿ ಬರೆದವನದೇ ಹೆಚ್ಚಿನ ಪಾಲೆಂದು ಹೇಳಬೇಕಾಗುತ್ತದೆ. ಯಾವ ಆಜ್ಞೆಗಳು ಒಂದು ಕಾರ್ಯ, ಎಲ್ಲಿ ನಿಲ್ಲಬಹುದು, ನಿಂತಲ್ಲಿಂದ ಮತ್ತೆ ಹೇಗೆ ಹೊರಡಬೇಕು ಎಂಬುದು ಅವನಿಗೆ ತಿಳಿದಷ್ಟು ಮತ್ತಾರಿಗೂ ತಿಳಿಯದು. ಅದನ್ನು ಅವನು ಟಿಪ್ಪಣಿಯಲ್ಲಲ್ಲ, ಯಂತ್ರವು ಓದುವ ಸಾಲುಗಳಲ್ಲಿಯೇ ಬರೆಯತಕ್ಕದ್ದು. ನಡೆಸುವವನ ಪಾಲೆಂದರೆ ಆರಂಭಕ್ಕೆ ಮುಂಚೆ ಕಡತವನ್ನು ಆದ್ಯಂತ ಓದುವುದು. ನಡೆಸದೆ ಪರೀಕ್ಷಿಸು ಎಂದು ಶೆಲ್ಲಿಗೆ ಹೇಳಬಹುದಾದರೂ ಅದು ನೋಡುವುದು ವ್ಯಾಕರಣವನ್ನು ಮಾತ್ರ. ಶುದ್ಧವಾದ ವ್ಯಾಕರಣದಲ್ಲಿ ಮನೆ ಸುಡುವ ಆಜ್ಞೆಯನ್ನೂ ಬರೆಯಬಹುದು. ಇನ್ನೊಂದು ವಿಚಿತ್ರವೂ ಇದೆ. ಬ್ಯಾಷ್ ಕಡತವನ್ನು ಮೊದಲೇ ಪೂರ್ತಿ ಓದಿಟ್ಟುಕೊಳ್ಳದೆ ನಡೆಸುತ್ತ ನಡೆಸುತ್ತಲೇ ಓದುತ್ತದೆ. ಅದು ನಡೆಯುತ್ತಿರುವಾಗ ಯಾರಾದರೂ ಆ ಕಡತವನ್ನೇ ತಿದ್ದಿದರೆ, ಓದಿ ಒಪ್ಪಿದ ಬಾಲವು ಬೇರೆ, ನಡೆದ ಬಾಲವು ಬೇರೆ ಆಗಬಹುದು.

ಬಲ್ಲವರು ಬರೆದ ಕಡತಗಳಲ್ಲಿ ಮತ್ತೊಂದು ಗುಣವನ್ನು ಕಾಣಬಹುದು. ಕೋಷ್ಟಕವನ್ನು ರಚಿಸು ಎಂದು ಬರೆಯದೆ, ಇಲ್ಲದಿದ್ದರೆ ರಚಿಸು ಎಂದು ಬರೆಯುತ್ತಾರೆ. ಕೋಶವನ್ನು ತೆರೆ ಎನ್ನದೆ, ಇದ್ದರೆ ಇರಲಿ, ಇಲ್ಲದಿದ್ದರೆ ತೆರೆ ಎನ್ನುತ್ತಾರೆ. ಅಂಥ ಕಡತವು ಏಳುನೂರನೆಯ ಸಾಲಿನಲ್ಲಿ ವಿದ್ಯುತ್ತು ಹೋಗಿ ನಿಂತರೆ, ಮರುದಿನ ಬೆಳಿಗ್ಗೆ ಬಂದವನು ಎಲ್ಲಿಗೆ ನಿಂತಿತೆಂದು ಹುಡುಕುತ್ತ ಕೂರಬೇಕಾಗಿಲ್ಲ. ಮೊದಲನೆಯ ಸಾಲಿನಿಂದಲೇ ಮತ್ತೆ ನಡೆಸುತ್ತಾನೆ. ಆದದ್ದು ಎರಡು ಸಲ ಆಗುವುದಿಲ್ಲ, ಆಗದೆ ಉಳಿದದ್ದು ಆಗುತ್ತದೆ. ಆ ವೇಳೆಗೆ ಬರೆದವನು ಬೇರೆ ಊರಿನಲ್ಲಿ ಬೇರೆ ಕೆಲಸದಲ್ಲಿರಬಹುದು.